ಮರ್ಯಾದಸ್ಥರ ಸರ್ಪದೋಷ

ಗಿರಿನಗರದ ಅಶ್ವತ್ಥಕಟ್ಟೆಯಲ್ಲಿ ಬೆಳಗಿನ ಏಳು ಗಂಟೆಗೆ ವಾರಿಜಾ ಒದ್ದೆ ಸೀರೆಯಲ್ಲಿ ನಾಗರಕಲ್ಲುಗಳನ್ನು ಸುತ್ತುತ್ತಿದ್ದಳು. ಅವಳ ಗಂಡ ರಾಮಪ್ರಸಾದ ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಕಲ್ಲುಬೆಂಚಿನ ಮೇಲೆ ಬೆಚ್ಚಗೆ ಕೂತಿದ್ದ. ದಿನಕ್ಕೆ ನಲವತ್ತೆಂಟು ಸುತ್ತಿನಂತೆ ನಲವತ್ತೆಂಟು ದಿನದ ವ್ರತ. ಕಾಯಿಲೆ ಅವನದು, ವ್ರತ ಅವಳದು. ನಮ್ಮಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ, ಬಿಡಿ.

ದೋಷ ಅವಳಿಂದಲೇ ಬಂದದ್ದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಐದು ವರ್ಷದ ಹಿಂದೆ ಮನೆ ಕಟ್ಟಿಸುವಾಗ ಸೈಟಿನ ಮೂಲೆಯ ಹುತ್ತವನ್ನು ತೆಗೆಸಿಬಿಡಿ ಎಂದು ಮೇಸ್ತ್ರಿಗೆ ಹೇಳಿದವಳು ವಾರಿಜಾ. ಎರಡು ವರ್ಷದ ಹಿಂದೆ ರಾಮಪ್ರಸಾದನ ಎದೆಯಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಾಗ, ಅವನ ತಾಯಿ ಸರ್ವಮಂಗಳಾ ಆ ಹುತ್ತವನ್ನು ನೆನಪಿಸಿಕೊಂಡರು. ಅಂದಿನಿಂದ ಮಗ ಕೆಮ್ಮಿದರೂ ಅವರು ನೋಡುತ್ತಿದ್ದದ್ದು ಸೊಸೆಯ ಮುಖವನ್ನೇ.

ಈ ರಾಮಪ್ರಸಾದನ ಬಗ್ಗೆ ಎರಡು ಮಾತು ಹೇಳಲೇಬೇಕು. ಜಯನಗರದ ಹಳೇ ಮನೆತನ, ವಿಮಾ ಕಂಪನಿಯಲ್ಲಿ ಅಧಿಕಾರಿ. ಕುಡಿಯುವುದಿಲ್ಲ, ಸೇದುವುದಿಲ್ಲ, ಹೊರಗಡೆ ಈರುಳ್ಳಿ ಕೂಡ ತಿನ್ನುವುದಿಲ್ಲ. ಬಾಯಿ ತೆರೆದರೆ ‘ನಮ್ಮಂಥವರು’ ಎಂದೇ ಮಾತು ಶುರು. ಏಳೆಂಟು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ಎರಡು ವರ್ಷ ಹೈದರಾಬಾದಿನಲ್ಲಿದ್ದಾಗ ಇದೇ ನಮ್ಮಂಥವರು ನಾಲ್ಕೈದು ಸಲ ಲಾಡ್ಜಿಗೆ ಹೋಗಿದ್ದರು. ಅದೇನೂ ಲೆಕ್ಕಕ್ಕಿಲ್ಲ. ಆ ಹೆಂಗಸರು ನೋಡಲು ಒಳ್ಳೆ ಮನೆಯವರ ಹಾಗೆ ಇದ್ದರಂತೆ. ಕಾಯಿಲೆ ಗೋತ್ರ ವಿಚಾರಿಸಿಕೊಂಡು ಬರುತ್ತದೆಂದು ಈ ಓದಿದ ಮನುಷ್ಯ ನಿಜವಾಗಿಯೂ ನಂಬಿದ್ದ.

ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸಲು ಇಟ್ಟಮಡುವಿನ ತಿಮ್ಮರಾಯಪ್ಪನ ಹತ್ತಿರ ಅವನನ್ನು ಕರೆದೊಯ್ದಿದ್ದರು. ತಿಮ್ಮರಾಯಪ್ಪ ಮೂವತ್ತು ವರ್ಷದಿಂದ ಮಣ್ಣು ಬಳಿದು ಮಂತ್ರ ಹಾಕುವವನು. ಗುಳ್ಳೆಗಳನ್ನು ನೋಡಿ, ಈ ವಯಸ್ಸಿಗೆ ಇಷ್ಟೊಂದು ಬರಬಾರದು ಸ್ವಾಮಿ, ಮಣ್ಣು ಹಾಕ್ತೀನಿ, ಆದರೆ ಮೊದಲು ರಕ್ತ ತೋರಿಸಿ ಎಂದ. ಮಣ್ಣು ಬಳಿಯುವವನಿಗೆ ಹೊಳೆದದ್ದು ಬಸವನಗುಡಿಯ ಡಾಕ್ಟರ್ ವೇಣುವಿಗೆ ಹೊಳೆಯಲಿಲ್ಲ. ಅಥವಾ ಹೊಳೆದರೂ ಹೇಳಲಿಲ್ಲ. ಅವರು ರಾಮಪ್ರಸಾದನ ತಂದೆಯ ಕಾಲದಿಂದ ಆ ಮನೆಯ ವೈದ್ಯರು, ಹಬ್ಬಕ್ಕೆ ಒಬ್ಬಟ್ಟು ಅವರಿಗೂ ಹೋಗುತ್ತದೆ.

ಆರು ತಿಂಗಳಲ್ಲಿ ಹತ್ತು ಕಿಲೋ ಇಳಿದಾಗ ಡಾಕ್ಟರ್ ವೇಣು ಟಾನಿಕ್ ಬರೆದರು. ಬಾಯಲ್ಲಿ ಬಿಳಿ ಅಗ್ರ ಕಟ್ಟಿದಾಗ ಬಿ ಕಾಂಪ್ಲೆಕ್ಸ್ ಕೊಟ್ಟರು. ಬೇರೆ ಏನಾದರೂ ಟೆಸ್ಟ್ ಮಾಡಿಸಬೇಕೇ ಎಂದು ವಾರಿಜಾಳೇ ಒಮ್ಮೆ ಕೇಳಿದ್ದಳು.

“ಆ ಟೆಸ್ಟೆಲ್ಲ ಲಾರಿ ಡ್ರೈವರ್‌ಗಳಿಗೆ ಕಣಮ್ಮ,” ಎಂದು ಡಾಕ್ಟರ್ ನಕ್ಕರು. “ಇಂಥೋರಿಗೆ ಅದನ್ನ ಬರೆದ್ರೆ ನನ್ನ ಕೈ ಸೇದ್ಹೋಗುತ್ತೆ.”

ರಾಮಪ್ರಸಾದನೂ ನಕ್ಕ. ಇಬ್ಬರು ದೊಡ್ಡ ಮನುಷ್ಯರು ಪರಸ್ಪರ ಮರ್ಯಾದೆ ಕಾಪಾಡಿಕೊಂಡರು. ಮಧ್ಯೆ ಒಂದೂವರೆ ವರ್ಷ ಹಾಳಾಗಿ ಹೋಯಿತು.

ಕೊನೆಗೆ ಉಸಿರು ಕಟ್ಟಿ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದಾಗ, ಅಲ್ಲಿನ ಅರ್ಪಿತ ಎಂಬ ಚಿಕ್ಕ ವಯಸ್ಸಿನ ವೈದ್ಯೆ ಯಾವ ಮುಲಾಜೂ ಇಲ್ಲದೆ ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಕೇಳಿದಳು. ತನ್ನನ್ನು ಏನೆಂದುಕೊಂಡಿದ್ದೀರಿ ಎಂದು ಅವನು ಹಾರಾಡಿದ. ಅವಳು ಇನ್ನೊಮ್ಮೆ ಅಷ್ಟೇ ನಿಧಾನವಾಗಿ ಕೇಳಿದಳು. ಫಲಿತಾಂಶ ಪಾಸಿಟಿವ್ ಬಂತು. ನ್ಯುಮೋನಿಯಾ ತಹಬಂದಿಗೆ ಬಂದ ಮೇಲೆ ಅವನನ್ನು ಸರ್ಕಾರಿ ಆಸ್ಪತ್ರೆಯ ಚಿಕಿತ್ಸಾ ಕೇಂದ್ರಕ್ಕೆ ಕಳಿಸಿದರು.

ಅಲ್ಲಿ ಆಪ್ತಸಮಾಲೋಚಕಿ ಮೈತ್ರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೈಯ ರೋಗನಿರೋಧಕ ಶಕ್ತಿ ತಳ ಕಂಡಿದೆ. ಎರಡು ವರ್ಷ ಮೊದಲೇ ಬಂದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಈಗಲೂ ದಿನಾ ಮಾತ್ರೆ ನುಂಗಿದರೆ ಬದುಕಬಹುದು, ಚೆನ್ನಾಗಿಯೇ ಬದುಕಬಹುದು. ಆದರೆ ತಡ ಮಾಡಬಾರದು, ಹೆಂಡತಿಯ ಪರೀಕ್ಷೆಯೂ ಆಗಬೇಕು. ಅವನು ತನ್ನ ಕಷ್ಟ ತೋಡಿಕೊಂಡ. ಮಗಳು ಸುರಭಿಗೆ ಗಂಡು ನೋಡುತ್ತಿದ್ದಾರೆ, ತಾಯಿ ಎದೆ ಒಡೆದುಕೊಳ್ಳುತ್ತಾರೆ, ಈ ಕೇಂದ್ರದ ಸಾಲಿನಲ್ಲಿ ಯಾರಾದರೂ ಪರಿಚಯದವರು ಕಂಡರೆ ತಾನು ಮುಖ ಎತ್ತಿಕೊಂಡು ತಿರುಗುವ ಹಾಗಿಲ್ಲ.

“ನಿಮ್ಮ ಮುಖದ ವಿಷಯ ಆಮೇಲೆ ನೋಡೋಣ ಸಾರ್,” ಎಂದಳು ಮೈತ್ರಿ. “ನಿಮ್ಮ ಮನೆಯವರಿಗೆ ಬಂದಿದ್ಯೋ ಇಲ್ವೋ, ಅದು ನಮಗೆ ಗೊತ್ತಾಗಬೇಕು.”

ನಾಳೆ ಕರೆದುಕೊಂಡು ಬರುತ್ತೇನೆಂದು ಹೇಳಿ ಹೋದವನು ಹದಿನೆಂಟು ದಿನ ಅತ್ತ ತಲೆ ಹಾಕಲಿಲ್ಲ. ಮೈತ್ರಿ ಫೋನ್ ಮಾಡಿದರೆ ಕಟ್ ಮಾಡುತ್ತಿದ್ದ. ಮನೆಯಲ್ಲಿ ಶ್ವಾಸಕೋಶದಲ್ಲಿ ಕಫ ಎಂದಿದ್ದ. ಆ ವಾರವೇ ಸರ್ವಮಂಗಳಾ ಸೊಸೆಗೆ ಈ ವ್ರತ ಹಚ್ಚಿದರು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಷ್ಟೇ ಅಲ್ಲ, ದಿನಾ ಜೊತೆಗೆ ಬಂದು ಬೆಂಚಿನ ಮೇಲೆ ಕೂತು ಅವಳು ಸುತ್ತುವುದನ್ನು ನೋಡುತ್ತಿದ್ದ. ಥೂ, ಇಂಥ ಬಾಳು ಯಾರಿಗೆ ಬೇಕು.

ಆ ದಿನ ಇಪ್ಪತ್ತನೇ ಸುತ್ತಿಗೆ ವಾರಿಜಾ ನಿಂತಳು. ನಡುಗುತ್ತ ಬಂದು ಅವನ ಪಕ್ಕ ಕೂತಳು. ಎರಡು ದಿನದಿಂದ ತನಗೂ ಜ್ವರ, ಅತ್ತೆಗೆ ತಿಳಿದರೆ ವ್ರತ ಕೆಟ್ಟಿತೆನ್ನುತ್ತಾರೆ, ಹೇಳಬೇಡಿ ಎಂದಳು. ಆಮೇಲೆ ಕೈ ಮುಗಿದಳು, ಕಲ್ಲಿಗಲ್ಲ, ಅವನಿಗೆ.

“ಕ್ಷಮಿಸ್ಬಿಡಿ ರೀ. ನನ್ನಿಂದ ನಿಮಗೆ ಹೀಗಾಯ್ತು.”

ಎಷ್ಟೇ ದಪ್ಪ ಚರ್ಮದವನಾದರೂ ಒಂದು ಕಡೆ ಚುಚ್ಚಲೇಬೇಕಲ್ಲ. ರಾಮಪ್ರಸಾದ ಅವಳ ಕೈ ಹಿಡಿದು ಬಿಡಿಸಿದ. ಹೈದರಾಬಾದು, ಲಾಡ್ಜು, ಅರ್ಪಿತ, ಮೈತ್ರಿ, ಎಲ್ಲವನ್ನೂ ತೊದಲುತ್ತ, ನೆಲ ನೋಡುತ್ತ ಹೇಳಿದ. ಮುಗಿದ ಮೇಲೆ ವಾರಿಜಾ ಒಂದೇ ಪ್ರಶ್ನೆ ಕೇಳಿದಳು.

“ಯಾವತ್ತಿಂದ ಗೊತ್ತು ನಿಮಗೆ?”

“ಒಂದು ತಿಂಗಳಾಯ್ತು.”

“ವ್ರತದ ಅಷ್ಟೂ ದಿನ ಇಲ್ಲಿ ಕೂತು ನೋಡಿದ್ರಿ.”

ಅವನು ಅಳತೊಡಗಿದ. ಅವಳಿಗೆ ಆ ಅಳು ನೋಡಿ ಹೇಸಿಗೆಯಾಯಿತು, ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಮನೆಗೆ ಹೋಗಿ, ಅತ್ತೆ ಪೂಜೆಯಲ್ಲಿದ್ದಾಗಲೇ ಸೀರೆ ಬದಲಾಯಿಸಿ, ಆಟೋ ಕರೆದು ಅವನನ್ನು ಹತ್ತಿಸಿಕೊಂಡಳು.

ಕೇಂದ್ರದಲ್ಲಿ ಅವಳ ರಕ್ತ ತೆಗೆದರು. ಆ ಒಂದು ಗಂಟೆ ವಾರಿಜಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗೆ ಸೋಂಕು ಇರಲಿಲ್ಲ. ಜ್ವರ ಬರೀ ಒದ್ದೆ ಸೀರೆಯದು. ನಿಯಮದ ಪ್ರಕಾರ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು ಎಂದಳು ಮೈತ್ರಿ. ಮೈ ಸರಿಯಿಲ್ಲವೆಂದು ಅವನು ಎರಡು ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುತ್ತಿದ್ದ. ಅದಕ್ಕೂ ಮುಂಚೆ ಅವಳನ್ನು ಕಾಪಾಡಿದ್ದು ಬರೀ ಅದೃಷ್ಟ. ಅವಳು ಉಳಿದದ್ದರಲ್ಲಿ ಅವನ ಒಳ್ಳೆಯತನ ಏನೇನೂ ಇರಲಿಲ್ಲ.

ದೇವರು ದೊಡ್ಡವನು ಎಂದು ರಾಮಪ್ರಸಾದ ಏನೋ ಶುರು ಮಾಡಿದ. ವಾರಿಜಾ ತಡೆದಳು.

“ಮಾತ್ರೆ ತಗೊಳ್ಳಿ. ಮೊದಲು ಬದುಕಿ. ನಾನು ನಿಮ್ಮ ಹತ್ರ ಜಗಳ ಆಡ್ಬೇಕು, ಅದಕ್ಕೆ ನೀವು ಇರ್ಬೇಕು.”

ಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳಿಗೆ ಹದಿನೈದು ಜನರ ಸಾಲಿತ್ತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನವರು, ಒಬ್ಬ ಮೇಷ್ಟ್ರು, ಇಸ್ತ್ರಿ ಅಂಗಿಯ ಒಬ್ಬ ಮ್ಯಾನೇಜರು. ರಾಮಪ್ರಸಾದ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು ನಿಂತ. ಆಗ ವಾರಿಜಾಳ ಫೋನ್ ಬಡಿದುಕೊಂಡಿತು. ಅತ್ತೆಯದು. ಹೊತ್ತು ಹನ್ನೊಂದಾದರೂ ಸೊಸೆ ಮನೆಯಲ್ಲಿಲ್ಲ, ಸುತ್ತು ಮುಗಿಸಿದಳೋ ಇಲ್ಲವೋ ಎಂಬ ವಿಚಾರಣೆ. ಅವಳು ಉತ್ತರಿಸದೆ ಫೋನನ್ನು ಗಂಡನ ಕೈಗಿಟ್ಟಳು.

ಆಚೆ ಹೋಗಿ ಮಾತಾಡಲೆಂದು ಅವನು ಬಾಗಿಲ ಕಡೆ ನೋಡಿದ. ಸಾಲು ಬಿಟ್ಟರೆ ಸರದಿ ಹೋಗುತ್ತಿತ್ತು. ಮಫ್ಲರ್ ಕೆಳಗೆಳೆದ.

“ಅಮ್ಮಾ, ವಾರಿಜಾ ಏನೂ ತಪ್ಪು ಮಾಡಿಲ್ಲ. ಇದು ನಾನು ತಂದ್ಕೊಂಡಿದ್ದು. ಕಾಯಿಲೆ ಹೆಸರು ಹೇಳ್ತೀನಿ, ಕೇಳಿಸ್ಕೊ.”

ಹೇಳಿದ. ಹಿಂದೆ ಮುಂದೆ ನಿಂತವರು ಯಾರೂ ತಿರುಗಿ ನೋಡಲಿಲ್ಲ. ಆ ಕಡೆ ಸರ್ವಮಂಗಳಾ ಸಣ್ಣ ದನಿಯಲ್ಲಿ, ವಾರಿಜಾಗೆ ಫೋನ್ ಕೊಡು ಎಂದರು.

ಅವನು ಫೋನ್ ಚಾಚಿದ. ವಾರಿಜಾ ಕೈ ನೀಡಲಿಲ್ಲ.

“ಆಮೇಲೆ ಮಾತಾಡ್ತಾಳಂತೆ ಅನ್ನಿ,” ಎಂದಳು. “ನಿಮ್ಮ ಹೆಸರು ಕೂಗ್ತಿದಾರೆ, ಹೋಗಿ.”