ಹೊಸಕ್ಯಾಂಪಿನ ಹೃದಯದ ವಾರ್ಡು

ಮೋನಮ್ಮನ ಗಂಡ ಅಮರಪ್ಪ ಎದೆ ಹಿಡಿದುಕೊಂಡು ಪ್ರಾಣ ಬಿಟ್ಟದ್ದು ಕಲಬುರ್ಗಿಗೆ ಹೋಗುವ ಬಸ್ಸಿನಲ್ಲಿ, ಜೇವರ್ಗಿ ಇನ್ನೂ ಮುಂದಿರುವಾಗಲೇ. ಆಗ ಸುರಪುರ, ಶಹಾಪುರದ ಸುತ್ತ ಹೃದಯ ನೋಡುವ ಡಾಕ್ಟರರೇ ಇರಲಿಲ್ಲ. ಸುರಪುರದಲ್ಲಿ ಶಾಲೆಯ ಟೀಚರಾಗಿದ್ದ, ಜನ ಅಕ್ಕೋರು ಎಂದು ಕರೆಯುತ್ತಿದ್ದ ಮೋನಮ್ಮ ಅಳುತ್ತ ಕೂರಲಿಲ್ಲ. ಕಾಲುವೆ ಕೆಲಸದ ಕಾಲಕ್ಕೆ ಕಟ್ಟಿದ್ದ ಹೊಸಕ್ಯಾಂಪಿನ ಸರ್ಕಾರಿ ದವಾಖಾನೆಗೆ ಹೃದಯದ ವಾರ್ಡು ಬೇಕೆಂದು ಬಿಸಿಲಲ್ಲಿ ಧರಣಿ ಕೂತಳು, ಊರೂರು ಅಲೆದು ಜನ ಕೂಡಿಸಿದಳು, ಯಾದಗಿರಿಯವರೆಗೆ ಪಾದಯಾತ್ರೆ ಮಾಡಿಸಿದಳು. ಕೊನೆಗೆ ವಾರ್ಡು ಬಂತು. ಟೇಪು ಕತ್ತರಿಸಿದ ದಿನ ಬಿಳಿ ಹಾಸಿಗೆ, ಹೊಸ ಯಂತ್ರ, ಕಲಬುರ್ಗಿಯಿಂದ ಬಂದ ಡಾಕ್ಟರು, ಎಲ್ಲವನ್ನೂ ಕಣ್ಣಾರೆ ಕಂಡು ಅವಳು ಅತ್ತಳು.

ಆಮೇಲೆ ಮತ್ತೆ ಊರೂರು ತಿರುಗಿ, ಇನ್ನು ದೂರ ಓಡಬೇಡಿ, ಎದೆನೋವು ಬಂದರೆ ಹೊಸಕ್ಯಾಂಪಿಗೇ ಬನ್ನಿ ಎಂದು ಹೇಳಿಬಂದಳು. ತಿಂಥಣಿಯಲ್ಲಿ ಹುಲಗಪ್ಪನ ಮನೆಯಲ್ಲಿ ಹೆಚ್ಚು ಹೊತ್ತು ಕೂತಳು. ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದ ಹುಲಗಪ್ಪನಿಗೆ ಹಿಂದೆ ಒಮ್ಮೆ ಹೃದಯಾಘಾತ ಆಗಿತ್ತು. ಅವನ ಹೆಂಡತಿ ಮರಿಲಿಂಗಮ್ಮನ ಕೈ ಹಿಡಿದು ಮೋನಮ್ಮ ಅದೇ ಮಾತು ಹೇಳಿದ್ದಳು.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ರಜೆಯ ದಿನ ಬೆಳಿಗ್ಗೆ ಅವಳು ವಾರ್ಡು ನೋಡಲು ಹೋದಳು. ಹಾಸಿಗೆಗಳೆಲ್ಲ ಖಾಲಿ ಇದ್ದವು. ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದರು. ನರ್ಸ್ ಪಾರ್ವತೆಮ್ಮ ಅವಳನ್ನು ಹಿಂದಿನ ವರಾಂಡಕ್ಕೆ ಕರೆದುಕೊಂಡು ಹೋಗಿ ಅತ್ತಿತ್ತ ನೋಡಿದಳು.

“ಡಾಕ್ಟರ್ ಇಲ್ರೀ ಅಕ್ಕೋರ. ಉದ್ಘಾಟನಿ ದಿನ ಬಂದವರು ತಿರುಗಿ ಈ ಕಡಿ ಬಂದಿಲ್ಲ. ಇಂಜೆಕ್ಷನ್ನೂ ಇಲ್ಲ. ಹೊರಗ ಬಾಯಿ ಬಿಡಬ್ಯಾಡ ಅಂದಾರ ನಮಗ.”

ಯಾರ್ಯಾರ ಮನೆಯಲ್ಲಿ ಏನು ಹೇಳಿಬಂದಿದ್ದೇನೆ ಎಂಬುದು ಮೋನಮ್ಮನಿಗೆ ಒಂದೊಂದಾಗಿ ನೆನಪಾಗತೊಡಗಿತು. ಪರಿಚಯದ ಯಾಕೂಬಸಾಬನ ಟಂಟಂ ಆಟೊ ಹತ್ತಿ ತಿಂಥಣಿಗೆ ಹೊರಟಳು. ಆದರೆ ದಾರಿಯ ಊರುಗಳನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಇಳಿದಲ್ಲೆಲ್ಲ, ಹೊಸಕ್ಯಾಂಪಿನಲ್ಲಿ ಡಾಕ್ಟರಿಲ್ಲ, ಅಲ್ಲಿಗೆ ಹೋಗಬೇಡಿ ಎಂದಳು; ಜನ ಸುತ್ತಿಕೊಂಡರು. ಕೆಲವರು ನಕ್ಕರು. ಬೇಕು ಎಂದು ಕೂಗಿಸಿದವಳೂ ನೀನೇ, ಈಗ ಬೇಡ ಅನ್ನುವವಳೂ ನೀನೇ ಎಂದು ಒಬ್ಬ ಮುದುಕಿ ರೇಗಿದಳು. ಹೊತ್ತು ಇಳಿಯುತ್ತಿತ್ತು.

ತಿಂಥಣಿಯಲ್ಲಿ ಹುಲಗಪ್ಪನ ಮನೆಗೆ ಕೀಲಿ ಹಾಕಿತ್ತು. ಮಧ್ಯಾಹ್ನ ಅವನಿಗೆ ಎದೆ ಹಿಡಿದುಕೊಂಡಿತೆಂದೂ, ಕಾಲುವೆ ದಂಡೆಯ ದಾರಿ ಹಿಡಿದು ಹೊಸಕ್ಯಾಂಪಿಗೆ ಹೋದರೆಂದೂ ಪಕ್ಕದ ಮನೆಯವರು ಹೇಳಿದರು. ಅವನ ಅಣ್ಣತಮ್ಮಂದಿರು ಕಲಬುರ್ಗಿಗೆ ಗಾಡಿ ಮಾಡಿದ್ದರಂತೆ. ಮರಿಲಿಂಗಮ್ಮನೇ ಬೇಡ ಅಂದಳಂತೆ.

ವಾಪಸು ಬರುವಾಗ ದಂಡೆಯ ಉದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು. ಯಾಕೂಬಸಾಬ ಟಂಟಂ ಜೋರಾಗಿ ಓಡಿಸಿದ.

ಹುಲಗಪ್ಪ ವಾರ್ಡಿನ ಬಿಳಿ ಹಾಸಿಗೆಯ ಮೇಲಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಹಣೆಯ ಮೇಲೆ ಬೆವರು. ಅಂಥ ಬೆವರನ್ನು ಮೋನಮ್ಮ ಅಂದು ಬಸ್ಸಿನಲ್ಲಿ ಗಂಡನ ಹಣೆಯಿಂದ ತನ್ನ ಸೆರಗಿನಲ್ಲಿ ಒರೆಸಿದ್ದಳು. ಕಲಬುರ್ಗಿಗೆ ಕರೆದೊಯ್ಯಿರಿ ಎಂದು ಎಷ್ಟು ಬೇಡಿಕೊಂಡರೂ ಇವರು ಏಳುತ್ತಿಲ್ಲ ಎಂದು ಪಾರ್ವತೆಮ್ಮ ಪಿಸುಗುಟ್ಟಿದಳು. ಮರಿಲಿಂಗಮ್ಮನ ಮುಖದಲ್ಲಿ ಮಾತ್ರ ಗೆಲುವಿತ್ತು.

“ನೋಡ್ರಿ, ಅಕ್ಕೋರು ಬಂದ್ರು. ಇನ್ನ ಡಾಕ್ಟರ್ ಬರ್ತಾರ.”

“ಡಾಕ್ಟರ್ ಇಲ್ಲವ್ವ. ನಾ ಹೇಳಿದ್ದು ಸುಳ್ಳಾಗ್ಯಾದ. ಏಳ್ರಿ, ಹೋಗಮು.”

ಮರಿಲಿಂಗಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಹಂಗಾದ್ರ ನಮಗ ಯಾಕ ಹೇಳಿದ್ರಿ?”

ದವಾಖಾನೆಯ ಗಾಡಿ ಶಹಾಪುರ ದಾಟುವ ಮೊದಲೇ ಹುಲಗಪ್ಪನ ಉಸಿರು ನಿಂತಿತು. ಮಣ್ಣಿನ ದಿನ ಮೋನಮ್ಮ ಜನರ ಹಿಂದೆ ನಿಂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ.

ಅವಳು ಶಾಲೆಗೆ ರಜೆ ಹಾಕಿ ಹೊಸಕ್ಯಾಂಪ್ ದವಾಖಾನೆಯ ಗೇಟಿನ ಮುಂದೆ ಕೂತಳು. ಎದೆನೋವಿನವರು ಬಂದರೆ ಒಳಗೆ ಬಿಡದೆ ಕಲಬುರ್ಗಿಯ ದಾರಿ ತೋರಿಸುತ್ತಿದ್ದಳು. ಪಾರ್ವತೆಮ್ಮನನ್ನು ಗುರುಮಠಕಲ್ ಕಡೆಗೆ ವರ್ಗ ಮಾಡಿದರು. ಮೋನಮ್ಮನಿಗೂ ಮೇಲಿನಿಂದ ನೋಟಿಸು ಬಂತು, ಏಳದಿದ್ದರೆ ನೌಕರಿ ಹೋಗುತ್ತದೆಂದು. ಸಂಜೆ ಹೊತ್ತಿಗೆ ಗುರುತಿಲ್ಲದ ಇಬ್ಬರು ಗಂಡಸರು ಬೈಕಿನ ಮೇಲೆ ಬಂದು, ಎದುರಿಗೆ ನಿಲ್ಲಿಸಿ, ಏನೂ ಹೇಳದೆ ಅವಳನ್ನೇ ನೋಡಿ ಹೋಗತೊಡಗಿದರು. ಅವಳು ಏಳಲಿಲ್ಲ.

ಒಂದು ಮುಂಜಾನೆ ಕಾಲುವೆ ರಸ್ತೆಯಲ್ಲಿ ಕ್ರೂಸರ್ ಗಾಡಿಯೊಂದು ಹಾರನ್ ಹೊಡೆಯುತ್ತ ಬಂತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ನರಳುತ್ತಿದ್ದಳು. ಮೋನಮ್ಮ ನಡುರಸ್ತೆಗೆ ಬಂದು ಕೈ ಅಡ್ಡ ಮಾಡಿ, ಇಲ್ಲಿ ಡಾಕ್ಟರಿಲ್ಲ, ಮುಂದೆ ಹೋಗಿ ಎಂದಳು.

ಗಾಡಿ ಹೊಡೆಯುವವನು ನಂಬಲಿಲ್ಲ. “ಇಲ್ಲೇ ವಾರ್ಡ್ ಅದ ಅಂತ ಸುರಪುರದ ಅಕ್ಕೋರು ಹೇಳ್ಯಾರಂತ ನಮ್ಮೂರಾಗ.”

“ಆ ಅಕ್ಕೋರು ನಾನ,” ಎಂದಳು ಮೋನಮ್ಮ.

ಅವನು ಗೇಟಿನ ಮೇಲಿನ ಹೃದಯದ ವಾರ್ಡಿನ ಹೊಸ ಬೋರ್ಡನ್ನು ನೋಡಿದ, ಅವಳನ್ನು ನೋಡಿದ. ಯಾರನ್ನು ನಂಬಬೇಕೋ ತಿಳಿಯದೆ ಸ್ಟೀರಿಂಗ್ ಹಿಡಿದು ಹಾಗೇ ಕೂತ. ಹಿಂದೆ ನರಳಾಟ ಜೋರಾಯಿತು. ಆಮೇಲೆ ಗಾಡಿ ಶಹಾಪುರದ ಕಡೆ, ಕಲಬುರ್ಗಿಯ ದಾರಿಗೆ ತಿರುಗಿತು.