ಹಸಿರು ಪ್ಯಾಕಿನ ಗುಣ

"ನೀವೇ ಕಣ್ಣಾರೆ ನೋಡಿ, ನಾನೇನು ಸುಮ್ನೆ ಬಾಯಿ ಬಡ್ಕೋತಿಲ್ಲ," ಎಂದು ಪಾರ್ಲರ್ ನಡೆಸುವ ಅಕ್ಕ, ಕೆಲಸದ ಹುಡುಗಿ ಪುಟ್ಟಿಯ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. "ಹೋದ ವರ್ಷ ಈ ಮುಖ ನೋಡಿದ್ರೆ ನಿಮಗೆ ಊಟ ಸೇರ್ತಿರಲಿಲ್ಲ. ಈಗ ನೋಡಿ. ಎಲ್ಲಾ ನಮ್ಮ ಹಸಿರು ಪ್ಯಾಕಿನ ಗುಣ."

ಗಿರಾಕಿ ಹೆಂಗಸು ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಬದನೆಕಾಯಿ ಆರಿಸುವವಳ ಹಾಗೆ ನೋಡಿದಳು. "ಕಲೆ ಇನ್ನೂ ಇದ್ಯಲ್ರೀ?"

"ಕಲೆ ಹೋಗುತ್ತೆ ಬಿಡಿ. ಗುಳ್ಳೆ ಇದ್ಯಾ? ಒಂದಾದ್ರೂ ತೋರಿಸಿ ನೋಡೋಣ."

ಇಂಥ ಹೊತ್ತಿನಲ್ಲಿ ನಗಬೇಕು ಎಂದು ಪುಟ್ಟಿಗೆ ಗೊತ್ತು. ಆದರೆ ಬಾಯಿ ತೆರೆದು ನಕ್ಕರೆ ತುಟಿಯ ಅಂಚು ಬಿರಿದು ರಕ್ತ ಬರುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಂಡೇ ಒಂದಿಷ್ಟು ಕೆನ್ನೆ ಅರಳಿಸಿದಳು. ನಾಚಿಕೆ ಸ್ವಭಾವದ ಹುಡುಗಿ ಅಂದುಕೊಂಡ ಹೆಂಗಸು ಪ್ಯಾಕ್ ಹಚ್ಚಿಸಿಕೊಳ್ಳಲು ಒಪ್ಪಿದಳು.

ನಾಚಿಕೆಯಂತೆ! ಪುಟ್ಟಿಗೆ ಸಾಕಾಗಿಹೋಗಿತ್ತು, ಅಷ್ಟೇ. ಹಸಿರು ಪ್ಯಾಕಿಗೂ ಆ ಮುಖಕ್ಕೂ ಏನೇನೂ ಸಂಬಂಧವಿರಲಿಲ್ಲ. ಪುಟ್ಟಿ ತಿಂಗಳುಗಟ್ಟಲೆಯಿಂದ ಚರ್ಮದ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುತ್ತಿದ್ದಳು. ಅದು ಅಕ್ಕನಿಗೆ ಗೊತ್ತಿರಲಿಲ್ಲ.

ಪಾರ್ಲರಿನಲ್ಲಿ ಮೊಡವೆ ಎಂಬ ಮಾತನ್ನು ಯಾರೂ ಆಡುವ ಹಾಗಿಲ್ಲ. ಅದು ಅಕ್ಕನ ಕಟ್ಟಪ್ಪಣೆ. ಗಿರಾಕಿಯ ಮುಖದ ತುಂಬ ಗುಳ್ಳೆ ಎದ್ದಿದ್ದರೂ "ಸ್ವಲ್ಪ ಉಷ್ಣ ಆಗಿದೆ ಮೇಡಂ" ಅನ್ನಬೇಕು. ಪುಟ್ಟಿಯ ಮುಖದಲ್ಲಿ ಇದ್ದದ್ದಕ್ಕೆ ಮಾತ್ರ ಉಷ್ಣ ಅನ್ನಲು ಅಕ್ಕನಿಗೂ ನಾಲಿಗೆ ಏಳುತ್ತಿರಲಿಲ್ಲ. ಶಾಲೆ ಬಿಡುವ ಮೊದಲೇ ಶುರುವಾದ ಗಂಟುಗಳು ಕೆನ್ನೆ, ಗದ್ದ, ಬೆನ್ನು ಎಲ್ಲ ಕಡೆ ಹಬ್ಬಿದ್ದವು. ಒಂದು ಕೀವು ತುಂಬಿ ಒಡೆದರೆ ಅದರ ಪಕ್ಕದಲ್ಲೇ ಇನ್ನೊಂದು ಏಳುತ್ತಿತ್ತು. ದಿಂಬಿಗೆ ಕೆನ್ನೆ ಇಡಲಾಗದೆ ಅಂಗಾತ ಮಲಗುವುದನ್ನು ರೂಢಿ ಮಾಡಿಕೊಂಡಿದ್ದಳು. ಅಮ್ಮ ಹೊಟ್ಟೆ ಸರಿಯಿಲ್ಲ ಅಂದಳು, ಚಿಕ್ಕಮ್ಮ ನೀರು ಕುಡಿಯೋದು ಸಾಲದು ಅಂದಳು, ಎದುರುಮನೆಯಾಕೆ ಮದುವೆಯಾದರೆ ಎಲ್ಲ ತಾನಾಗಿ ಹೋಗುತ್ತೆ ಅಂದಳು. ಈ ಮುಖಕ್ಕೆ ಮದುವೆ ಹೇಗಾಗುತ್ತೆ ಅನ್ನೋದನ್ನ ಆ ಮಹಾತಾಯಿ ಹೇಳಲಿಲ್ಲ.

ಅಕ್ಕ ಅವಳನ್ನು ಕೆಲಸಕ್ಕಿಟ್ಟುಕೊಂಡದ್ದೇ ದೊಡ್ಡದು. ಕೈ ಚುರುಕಾಗಿದೆ ಎಂದು ಹುಬ್ಬು ತಿದ್ದುವುದನ್ನು ಕಲಿಸಿದಳು. ಆದರೆ ಮುಂದಿನ ಕುರ್ಚಿಯಲ್ಲಿ ಕೂತವರು ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ, "ಬೇರೆ ಯಾರೂ ಇಲ್ವಾ?" ಎನ್ನತೊಡಗಿದರು. ಒಬ್ಬಾಕೆಯಂತೂ "ಇದು ಅಂಟುತ್ತಾ?" ಎಂದು ಅವಳನ್ನೇ ಕೇಳಿದಳು. ಆಮೇಲೆ ಅಕ್ಕ ಅವಳನ್ನು ಹಿಂದಿನ ಕೋಣೆಗೆ, ತಲೆ ತೊಳೆಯುವ ಕೆಲಸಕ್ಕೆ ಹಾಕಿದಳು. ಅಲ್ಲಿ ಗಿರಾಕಿಗಳು ಕುತ್ತಿಗೆ ಹಿಂದಕ್ಕೆ ಚಾಚಿ, ನೊರೆಗೆ ಹೆದರಿ ಕಣ್ಣು ಮುಚ್ಚಿಕೊಂಡಿರುತ್ತಾರೆ.

ಆ ಕೋಣೆಯಲ್ಲಿ ವರ್ಷಗಟ್ಟಲೆ ನಿಂತ ಮೇಲೆಯೇ ಅವಳು ಯಾರಿಗೂ ಹೇಳದೆ ಡಾಕ್ಟರ ಬಳಿ ಹೋದದ್ದು. ಅವರು ನೋಡಿ, "ಇಷ್ಟು ದಿನ ಯಾಕಮ್ಮ ಬಿಟ್ಕೊಂಡಿದ್ದೆ? ನೋಯಲ್ವಾ?" ಎಂದರು. ನೋಯುತ್ತಾ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಪುಟ್ಟಿ ಅಲ್ಲೇ ಅತ್ತುಬಿಟ್ಟಳು. ಬಸುರಿಯರು ಮುಟ್ಟಲೇಬಾರದ ಮಾತ್ರೆಯಂತೆ, ಆಗಾಗ ರಕ್ತಪರೀಕ್ಷೆ ಮಾಡಿಸಬೇಕಂತೆ, ಬಿಸಿಲಿಗೆ ಹೋಗಬಾರದಂತೆ. "ಪಾರ್ಲರಿನಲ್ಲಿರೋಳು ನೀನು, ಅದಕ್ಕೇ ಹೇಳ್ತಿದೀನಿ. ಮುಖಕ್ಕೆ ವ್ಯಾಕ್ಸ್ ಅಂತೂ ಬೇಡವೇ ಬೇಡ. ಚರ್ಮ ತೆಳ್ಳಗಾಗಿರುತ್ತೆ, ಪಟ್ಟಿ ಎಳೆದ್ರೆ ಅದರ ಜೊತೆ ಕಿತ್ತು ಬರುತ್ತೆ."

ಮೊದಲು ಗಂಟುಗಳು ಇನ್ನೂ ಜಾಸ್ತಿಯಾದವು. ತುಟಿ ಸುಲಿಯಿತು, ಮೂಗಿನಲ್ಲಿ ರಕ್ತ ಬಂತು, ಕಣ್ಣಲ್ಲಿ ಮರಳು ಹಾಕಿದಂತಾಯಿತು, ಸೊಂಟ ಹಿಡಿದುಕೊಂಡಿತು. ಆಮೇಲೆ, ನಂಬಿಕೆ ಪೂರ್ತಿ ಹೋದ ಮೇಲೆ, ಗಂಟುಗಳು ಒಂದೊಂದಾಗಿ ಇಂಗತೊಡಗಿದವು.

ಅಕ್ಕನಿಗೆ ಹೇಳುವುದು ಹೇಗೆ? "ನಮ್ಮ ಹುಡುಗೀರೇ ಡಾಕ್ಟರ ಹತ್ರ ಓಡಿದ್ರೆ ನಮ್ಮ ಪ್ಯಾಕ್ ಯಾರೇ ಹಚ್ಚಿಸ್ಕೋತಾರೆ? ಅಂಗಡಿಗೆ ಬೀಗ ಹಾಕ್ಬೇಕು ಅಷ್ಟೇ," ಎಂದು ಅವಳು ಹಿಂದೆಯೇ ಹೇಳಿದ್ದಳು. ಹೇಳಿ ಸುಮ್ಮನಿರಲೂ ಇಲ್ಲ. ವಾರಕ್ಕೊಮ್ಮೆ ಅಂಗಡಿ ಮುಚ್ಚುವ ಹೊತ್ತಿಗೆ ಪುಟ್ಟಿಯನ್ನು ಕೂರಿಸಿಕೊಂಡು ತನ್ನ ಕೈಯಾರೆ ಸೊಪ್ಪು, ಮಣ್ಣು ಕಲಸಿ ಹಚ್ಚುತ್ತಿದ್ದಳು. ಒಣಗಿದ ಚರ್ಮಕ್ಕೆ ಅದು ಧಗಧಗ ಉರಿಯುತ್ತಿತ್ತು. ಅಕ್ಕ ಬೆನ್ನು ತಿರುಗಿಸಿದ ಕೂಡಲೇ ಪುಟ್ಟಿ ತೊಳೆದುಬಿಡುತ್ತಿದ್ದಳು. ಅಕ್ಕನ ಬೆರಳು ಮಾತ್ರ ಮೆತ್ತಗಿತ್ತು, ನೋಯುವ ಜಾಗ ನೋಡಿ ನೋಡಿ ಹಚ್ಚುತ್ತಿದ್ದಳು. ಪುಟ್ಟಿಗೆ ಅದನ್ನು ತಡೆದುಕೊಳ್ಳುವುದೇ ಉರಿಗಿಂತ ಕಷ್ಟವಾಗುತ್ತಿತ್ತು.

ಈ ವಾರ ಅಕ್ಕ ಅವಳಿಗೆ ಮುಂದಿನ ಕುರ್ಚಿ ಕೊಟ್ಟಿದ್ದಳು. "ಇನ್ನು ಇದು ನಿಂದೇ ಕಣೇ. ಈ ಮುಖ ನೋಡಿದ್ರೆ ನಾಲ್ಕು ಜನ ಪ್ಯಾಕ್ ಕೇಳ್ತಾರೆ." ಸುಳ್ಳಿನ ಮೇಲೆ ಸಿಕ್ಕಿದ ಕುರ್ಚಿ ಎಂದು ಪುಟ್ಟಿಗೆ ಗೊತ್ತಿತ್ತು. ಆದರೂ ಬೇಕಿತ್ತು. ಹಿಂದಿನ ಕೋಣೆಗೆ ಮತ್ತೆ ಹೋಗುವುದು ಬೇಡವಾಗಿತ್ತು.

ಅದೇ ದಿನ ಮಧ್ಯಾಹ್ನ ಇಬ್ಬರು ಬಂದರು, ಮದುವೆ ಗೊತ್ತಾದ ಹುಡುಗಿ ಮತ್ತು ಅವಳ ಅತ್ತೆಯಾಗುವಾಕೆ. ಅತ್ತೆ ಕೂರುವ ಮೊದಲೇ ಮಾತು ಶುರು ಮಾಡಿದಳು. "ನಾಳೆ ನಿಶ್ಚಿತಾರ್ಥ. ಮುಖ ಪೂರ್ತಿ ವ್ಯಾಕ್ಸ್ ಮಾಡ್ಬಿಡಿ. ಮೇಲ್ತುಟಿ, ಕೆನ್ನೆ ಎಲ್ಲ. ಫೋಟೋದಲ್ಲಿ ಒಂದು ಕೂದಲೂ ಕಾಣಕೂಡದು."

"ವ್ಯಾಕ್ಸ್ ಬೇಡ ಅತ್ತೆ," ಹುಡುಗಿ ಮೆಲ್ಲಗೆ ಅಂದಳು.

"ಏನು ಬೇಡ? ಇಷ್ಟಕ್ಕೆಲ್ಲ ಹೆದರಿದ್ರೆ ನಾಳೆ ಮಕ್ಕಳು ಹೆರೋದು ಹೇಗೆ?" ಎಂದು ಅತ್ತೆ ತಾನೇ ನಕ್ಕಳು.

ಪುಟ್ಟಿ ಹುಡುಗಿಯ ಕೊರಳಿಗೆ ಬಟ್ಟೆ ಕಟ್ಟಲು ಬಾಗಿದಳು. ಹತ್ತಿರದಿಂದ ನೋಡಿದ್ದೇ ಬಟ್ಟೆ ಕಟ್ಟುವುದನ್ನು ಅಲ್ಲಿಗೇ ನಿಲ್ಲಿಸಿದಳು. ಹುಡುಗಿಯ ತುಟಿಯ ಎರಡೂ ಮೂಲೆ ಸೀಳಿತ್ತು, ಮೇಲೆ ದಪ್ಪಗೆ ಮುಲಾಮು. ಮೂಗಿನ ಪಕ್ಕ ಸಿಪ್ಪೆ ಎದ್ದಿತ್ತು. ಪೌಡರಿನ ಕೆಳಗೆ ಇಂಗಿದ ಗಂಟುಗಳ ಕೆಂಪು. ಕನ್ನಡಿಯಲ್ಲಿ ದಿನಾ ನೋಡುವ ಮುಖವೇ ಅದು.

"ಮಾತ್ರೆ ತಗೋತಿದೀರಾ?" ಎಂದು ಕಿವಿಯ ಹತ್ತಿರ ಕೇಳಿದಳು.

ಹುಡುಗಿಯ ಕಣ್ಣು ಗಕ್ಕನೆ ಅತ್ತೆಯ ಕಡೆಗೆ ಹೋಯಿತು. "ಇಲ್ಲ, ಇಲ್ಲ. ಯಾವ ಮಾತ್ರೆ?" ಅಂದಳು. ಕೈ ಮಾತ್ರ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅತ್ತೆಗೆ ತಿಳಿಯದ ಗುಟ್ಟು ಅದು ಎಂದು ಪುಟ್ಟಿಗೆ ಅರ್ಥವಾಯಿತು.

ಅಕ್ಕ ಕಾದ ವ್ಯಾಕ್ಸನ್ನು ಮರದ ಚಪ್ಪಟೆ ಕಡ್ಡಿಯಲ್ಲಿ ತೆಗೆದುಕೊಂಡು ಬಂದಳು. "ಅಕ್ಕಾ, ಇವತ್ತು ವ್ಯಾಕ್ಸ್ ಯಾಕೋ ಸರಿ ಇಲ್ಲ," ಎಂದು ಪುಟ್ಟಿ ತೊದಲಿದಳು.

"ಸರಿ ಇಲ್ದೆ ಏನು? ಬೆಳಿಗ್ಗೆ ತಾನೇ ಡಬ್ಬ ಒಡೆದಿದ್ದು." ಅಕ್ಕ ಹುಡುಗಿಯ ಬಿಳುಚಿದ ಮುಖ ನೋಡಿ ನಕ್ಕಳು. "ಓ, ನೋವು ಅಂತ ಭಯಾನಾ? ನೋಡಮ್ಮ, ನಮ್ಮ ಪುಟ್ಟಿ ಮುಖಕ್ಕೇ ಮೊದಲು ಹಾಕಿ ತೋರಿಸ್ತೀನಿ. ಅವಳು ಉಸಿರೆತ್ತಿದ್ರೆ ಕೇಳು. ಬಾರೇ ಇಲ್ಲಿ."

ಅಕ್ಕ ಎಡಗೈಯಲ್ಲಿ ಅವಳ ಗದ್ದ ಹಿಡಿದಳು. ಕಡ್ಡಿಯ ಬಿಸಿ ಪುಟ್ಟಿಯ ಮೇಲ್ತುಟಿಗೆ ತಾಗುವಷ್ಟು ಹತ್ತಿರ ಬಂತು. ಹಲ್ಲು ಕಚ್ಚಿಕೊಂಡು ಸಹಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಚರ್ಮ ಹೋದರೆ ಹೋಗಲಿ, ಕುರ್ಚಿ ಉಳಿಯುತ್ತದೆ. ಆದರೆ ಅದಾದ ಮೇಲೆ ಅಕ್ಕ ಆ ಹುಡುಗಿಯ ಕಡೆ ತಿರುಗುತ್ತಾಳಲ್ಲ? ಅವಳನ್ನು ಅತ್ತೆಯ ಎದುರು ಹಿಡಿದುಕೊಡಲಿಕ್ಕೂ ಮನಸ್ಸು ಬರಲಿಲ್ಲ. ಉಳಿದದ್ದು ಒಂದೇ ದಾರಿ.

"ಬೇಡ ಅಕ್ಕ. ನಾನು ಡಾಕ್ಟರ ಮಾತ್ರೆ ತಗೋತಿದೀನಿ," ಎಂದಳು ಪುಟ್ಟಿ, ಎಲ್ಲರಿಗೂ ಕೇಳುವಂತೆ. "ಆ ಮಾತ್ರೆ ತಗೊಳ್ಳೋರ ಮುಖಕ್ಕೆ ವ್ಯಾಕ್ಸ್ ಹಾಕಿದ್ರೆ ಚರ್ಮಾನೇ ಕಿತ್ತು ಬರುತ್ತೆ. ಈ ತುಟಿ ಒಡೆದಿರೋದೂ ಅದರಿಂದಾನೇ."

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ವ್ಯಾಕ್ಸು ಕಡ್ಡಿಯಿಂದ ನೂಲಿನಂತೆ ಇಳಿದು ನೆಲಕ್ಕೆ ಬಿತ್ತು. ಅವಳು ಪುಟ್ಟಿಯ ತುಟಿ ನೋಡಿದಳು. ಆಮೇಲೆ ಕುರ್ಚಿಯಲ್ಲಿದ್ದ ಹುಡುಗಿಯ ತುಟಿ ನೋಡಿದಳು. ಹುಡುಗಿ ತಲೆ ತಗ್ಗಿಸಿದಳು.

"ಅಯ್ಯೋ, ಹಾಗಾದ್ರೆ ನಿಮ್ಮ ಹಸಿರು ಪ್ಯಾಕು?" ಅತ್ತೆಯಾಗುವಾಕೆ ಸೋಫಾದಿಂದಲೇ ಕೇಳಿದಳು. "ಅದರಿಂದಾನೇ ವಾಸಿ ಆಯ್ತು ಅಂತ ನಮ್ಮ ಪಕ್ಕದ ಮನೆಯವರಿಗೆ ಹೇಳಿದ್ರಂತಲ್ಲ?"

ಅಕ್ಕ ಕಡ್ಡಿಯನ್ನು ಡಬ್ಬಕ್ಕೆ ಅದ್ದಿ, ಕಾಯಿಸುವ ಯಂತ್ರದ ಸ್ವಿಚ್ಚು ಆರಿಸಿದಳು. "ಪುಟ್ಟಿ ಹೇಳಿದ್ದು ಸರಿ. ವ್ಯಾಕ್ಸ್ ಜಾಸ್ತಿ ಕಾದುಬಿಟ್ಟಿದೆ. ನಾಳೆ ನಿಶ್ಚಿತಾರ್ಥ ಇಟ್ಕೊಂಡು ಮುಖ ಸುಟ್ಕೊಂಡ್ರೆ ಯಾರು ಹೊಣೆ? ಬೇಡ ಬಿಡಿ. ಕೂದಲು ಕಾಣದ ಹಾಗೆ ಮೇಕಪ್ಪು ಹೇಗೆ ಹಾಕೋದು ಅಂತ ತೋರಿಸಿಕೊಡ್ತೀನಿ, ಫೋಟೋದಲ್ಲಿ ಗೊಂಬೆ ಹಾಗಿರ್ತಾಳೆ." ಆಮೇಲೆ ಹುಡುಗಿಯ ಮುಖದ ಮೇಲೆ ಆ ಮೆತ್ತನೆಯ ಬೆರಳು ಆಡಿಸುತ್ತ ಕೆಲಸ ಮುಗಿಸಿದಳು. ಹೊರಡುವಾಗ ಹುಡುಗಿ ಪುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಯ ಮುಂದೆ ನೋಡಬಾರದೆಂದೇ ನೋಡಲಿಲ್ಲ ಅನ್ನಿಸಿತು ಪುಟ್ಟಿಗೆ.

ಪುಟ್ಟಿ ತಾನಾಗಿಯೇ ಹಿಂದಿನ ಕೋಣೆಗೆ ಹೋಗಿ ಒದ್ದೆ ಟವೆಲುಗಳನ್ನು ಹಿಂಡತೊಡಗಿದಳು. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಬಾಗಿಲಿಗೆ ಒರಗಿ ನಿಂತಳು.

"ಎಷ್ಟು ಕಾಲದಿಂದ?"

"ತುಂಬಾ ದಿನ ಆಯ್ತು ಅಕ್ಕ."

"ಮತ್ತೆ ನಾನು ವಾರವಾರ ಹಚ್ಚಿದ್ದು?"

"ತೊಳ್ಕೋತಿದ್ದೆ." ಪುಟ್ಟಿ ಕೈಯಲ್ಲಿದ್ದ ಟವೆಲನ್ನು ಇನ್ನೊಮ್ಮೆ ಹಿಂಡಿದಳು. "ಉರಿ ತಡೆಯೋಕೆ ಆಗ್ತಿರಲಿಲ್ಲ. ತಪ್ಪಾಯ್ತು ಅಕ್ಕ."

ಬೈಗುಳ ಬರುತ್ತದೆ ಎಂದು ಅವಳು ಕಾದಳು. ಬರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕುಸಿದಂತೆ ಕೂತಳು. "ಊರಿಗೆಲ್ಲ ಸಾರ್ಕೊಂಡು ಬಂದ್ನಲ್ಲೇ. ಮಾರೋಕೆ ಅಂತ ನಾನು ಏನೇನೋ ಹೇಳ್ತೀನಿ, ಅದು ಬೇರೆ. ಆದ್ರೆ ನಿನ್ನ ವಿಷಯದಲ್ಲಿ ಮಾತ್ರ ನಿಜವಾಗ್ಲೂ ನಂಬಿದ್ದೆ ಕಣೇ. ಇಷ್ಟು ವರ್ಷದಲ್ಲಿ ಒಬ್ಬಳಿಗಾದ್ರೂ ಕೆಲಸ ಮಾಡ್ತು ಅಂದ್ಕೊಂಡಿದ್ದೆ."

ಅಕ್ಕ ಕೈ ಚಾಚಿ ಹತ್ತಿ ತೆಗೆದುಕೊಂಡು, ಎಣ್ಣೆಯಲ್ಲಿ ಅದ್ದಿ, ತನ್ನ ಕೆನ್ನೆಯನ್ನೇ ಉಜ್ಜತೊಡಗಿದಳು. ಒಂದು ಹತ್ತಿ ಸಾಲದೆ ಇನ್ನೊಂದು ತೆಗೆದುಕೊಂಡಳು. ಬಣ್ಣ ಕಳೆದ ಮೇಲೆ ಎರಡೂ ಕೆನ್ನೆಯ ತುಂಬ, ಮೂಗಿನ ಮೇಲೂ ಕಂದುಗಪ್ಪು ಬಂಗು ಹರಡಿಕೊಂಡಿದ್ದು ಕಂಡಿತು. ಇಷ್ಟು ವರ್ಷ ಜೊತೆಗಿದ್ದರೂ ಪುಟ್ಟಿ ಆ ಮುಖ ನೋಡಿರಲಿಲ್ಲ.

"ಪ್ಯಾಕು ಮೊದಲು ಮಾಡಿದ್ದೇ ಇದಕ್ಕೆ," ಎಂದಳು ಅಕ್ಕ. ಸುಸ್ತಾದ ದನಿ. "ಆ ಡಾಕ್ಟರು ಇದನ್ನೂ ನೋಡ್ತಾರಾ?"

"ನೋಡ್ತಾರೆ ಅಕ್ಕ. ನಾನೇ ಕರ್ಕೊಂಡು ಹೋಗ್ತೀನಿ."

ಮುಂದಿನ ಕೋಣೆಯಲ್ಲಿ ಬಾಗಿಲು ತೆರೆದ ಸದ್ದಾಯಿತು. "ಯಾರಿದ್ದೀರಾ? ಹುಬ್ಬು ಮಾಡಿಸ್ಬೇಕಿತ್ತು," ಎಂದಿತು ಒಂದು ಹೆಣ್ಣುದನಿ.

ಅಕ್ಕ ಏಳಲು ಹೋದವಳು ತನ್ನ ಕೆನ್ನೆ ಮುಟ್ಟಿಕೊಂಡು ಹಾಗೇ ಕೂತಳು. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ನೀನೇ ಹೋಗು. ಹೀಗೆ ನಾನು ಹೊರಗೆ ಬರೋಕಾಗಲ್ಲ."

ಪುಟ್ಟಿ ಕೈ ಒರೆಸಿಕೊಂಡು ಮುಂದೆ ಹೋದಳು. ಕುರ್ಚಿಯಲ್ಲಿ ಆಗಲೇ ಕೂತಿದ್ದ ಹೆಂಗಸು ಅವಳ ಕಲೆಗಳನ್ನೂ, ಒಡೆದ ತುಟಿಯನ್ನೂ ಒಮ್ಮೆ ನೋಡಿದಳು. "ನೀವೇ ಮಾಡ್ತೀರಾ?"

"ಹೌದು, ನಾನೇ," ಎಂದಳು ಪುಟ್ಟಿ. ಹುಬ್ಬು ತಿದ್ದುವ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ತುಟಿ ಚುರ್ರೆಂದಿತು. ಹೆಂಗಸು ಒಂದು ಗಳಿಗೆ ತಡೆದು, ಆಮೇಲೆ ಮುಖ ಮೇಲೆತ್ತಿ ಕಣ್ಣು ಮುಚ್ಚಿದಳು.