ವಿಡಿಯೊದಲ್ಲಿ ಇಲ್ಲದ ಹೊಲಿಗೆ

ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡು, ಅಯ್ಯೋ ಅಮ್ಮಾ ಎನ್ನುತ್ತ ಸ್ಟ್ರೆಚರ್ ಮೇಲೆ ಬಂದವರನ್ನು ಕಂಡು ಡ್ಯೂಟಿಯಲ್ಲಿದ್ದ ಸರ್ಜನ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಡಾಕ್ಟರಾದವಳಿಗೆ ಹಾಗಾಗಬಾರದು. ಆದರೆ ಆಯಿತು.

ಬಂದವರು ಅವಳ ಗುರುಗಳು, ವಿದ್ಯಾರ್ಥಿಗಳ ಬಾಯಲ್ಲಿ ವಿಡಿಯೊ ಡಾಕ್ಟರು. ಅವರ ಹರ್ನಿಯಾ ಆಪರೇಷನ್ನಿನ ವಿಡಿಯೊವನ್ನು ಲಕ್ಷಾಂತರ ಜನ ನೋಡಿದ್ದರು. ಅವಳಂತೂ ನೋಡಿ ನೋಡಿ ಬಾಯಿಪಾಠ ಮಾಡಿದ್ದಳು. ಅದನ್ನೇ ನಂಬಿ ಹೊಲಿಗೆ ಹಾಕಿದ ದಿನ ಸೂಜಿ ಆಳಕ್ಕಿಳಿದು, ಕೆಳಗಿದ್ದ ದೊಡ್ಡ ರಕ್ತನಾಳಕ್ಕೆ ಚುಚ್ಚಿ, ರೋಗಿ ಸಾಯುವುದೊಂದು ಬಾಕಿ ಉಳಿದಿತ್ತು. ವಿಚಾರಣೆಗೆ ಕೂತವರು ಇದೇ ಗುರುಗಳು. "ನನ್ನ ವಿಡಿಯೊ ಸರಿಯಾಗಿ ನೋಡಿದ್ರೆ ಹೀಗಾಗ್ತಿರ್ಲಿಲ್ಲ" ಎಂದು ಎಲ್ಲರೆದುರು ಅವಳ ಮಾನ ಕಳೆದರು.

ಮನೆಗೆ ಹೋಗಿ ಅವಳು ಸರಿಯಾಗಿಯೇ ನೋಡಿದಳು. ಮೂರನೇ ಹೊಲಿಗೆಯವರೆಗೆ ಗುರುಗಳ ಕೈಗವಸು ಹೆಚ್ಚುಕಡಿಮೆ ಬೆಳ್ಳಗಿತ್ತು. ಮರುಕ್ಷಣ ಮಣಿಕಟ್ಟಿನವರೆಗೂ ಕೆಂಪು. ನಡುವೆ ನಡೆದದ್ದನ್ನು ಮಹಾಶಯರು ಸದ್ದಿಲ್ಲದೆ ಮಾಯ ಮಾಡಿದ್ದರು.

ಈಗ ಟೇಬಲ್ ಮೇಲೆ ಅವರೇ. ಬೇರೆ ಸರ್ಜನ್ ಬರುವವರೆಗೆ ಕಾಯುವಂತಿರಲಿಲ್ಲ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಸೊಂಟದ ಕೆಳಗೆ ಮರಗಟ್ಟಿತ್ತು, ಬಾಯಿ ಮಾತ್ರ ಚುರುಕಾಗಿತ್ತು. ಮೇಲೆ ಕ್ಯಾಮೆರಾ ಓಡುತ್ತಿತ್ತು. ಪ್ರತಿ ಆಪರೇಷನ್ನೂ ರೆಕಾರ್ಡ್ ಆಗಬೇಕು, ಕಲಿಯುವವರಿಗೆ ತೋರಿಸಬೇಕು ಎಂದು ಇಲ್ಲಿ ನಿಯಮ ಮಾಡಿದವರೂ ಅವರೇ.

ಸಿಕ್ಕಿಕೊಂಡಿದ್ದ ಕರುಳನ್ನು ಅವಳು ನಾಜೂಕಾಗಿ ಒಳಗೆ ಕಳಿಸಿದಳು. ಹೊಲಿಗೆಯ ಸರದಿ ಬಂತು.

"ಹೇಗೆ ಹಾಕ್ತೀಯಮ್ಮ?" ಎಂದರು ಗುರುಗಳು.

"ನಿಮ್ಮ ವಿಡಿಯೊದಲ್ಲಿ ಇರೋ ಹಾಗೇ ಸರ್. ಒಂದಿಷ್ಟೂ ಆಚೀಚೆ ಇಲ್ಲ."

ಅವರ ಮುಖ ಬಿಳುಚಿಕೊಂಡಿತು. "ಬೇಡ, ಹಾಗೆ ಬೇಡ."

"ಯಾಕೆ ಸರ್? ಲಕ್ಷಾಂತರ ಜನ ಅದನ್ನೇ ನೋಡಿ ಕಲಿತಿದ್ದಾರಲ್ಲ!" ಅವಳು ಸೂಜಿ ಹಿಡಿದು ಸುಮ್ಮನೆ ನಿಂತಳು.

"ಅವತ್ತು ಮೂರನೇ ಹೊಲಿಗೆ ಆಳ ಆಗೋಯ್ತು. ರಕ್ತನಾಳಕ್ಕೆ ಚುಚ್ಚಿಬಿಟ್ಟೆ. ಆ ಭಾಗ ತೆಗೆಸಿಬಿಟ್ಟೆ. ಆಳಕ್ಕೆ ಬೇಡ, ಮೇಲ್ಮೇಲೇ ಹಾಕಮ್ಮ, ನಿನ್ನ ದಮ್ಮಯ್ಯ!"

"ಸ್ವಲ್ಪ ಜೋರಾಗಿ ಸರ್. ಮೈಕಿಗೆ ಕೇಳಿಸ್ಲಿಲ್ಲ."

ಅವರು ಮತ್ತೆ ಹೇಳಿದರು. ಅಂದು ರಕ್ತ ನಿಲ್ಲಿಸಿದ್ದು ಹೇಗೆ ಎಂಬುದನ್ನೂ ಅವಳು ಬಿಡದೆ ಬಾಯಿ ಬಿಡಿಸಿದಳು. ಆಮೇಲೆ, ಮೊದಲಿನಿಂದಲೂ ಅಂದುಕೊಂಡಿದ್ದಂತೆಯೇ, ಸೂಜಿಯನ್ನು ಆಳಕ್ಕೆ ಬಿಡದೆ ಅಚ್ಚುಕಟ್ಟಾಗಿ ಹೊಲಿಗೆ ಮುಗಿಸಿದಳು.

"ಆ ಮಾತು ಮಾತ್ರ ತೆಗೆದುಬಿಡಮ್ಮ. ಜನ ಕೇಳಿದ್ರೆ ನನ್ನ ಹೆಸರು ಏನಾಗ್ಬೇಕು?"

"ನನ್ನ ಹೆಸರು ಏನಾಯ್ತೋ ಅದೇ ಸರ್."

ಗುರುಗಳ ಕಣ್ಣಲ್ಲಿ ನೀರಾಡಿತು. ಪಾಪ ಅನ್ನಿಸಬೇಕಿತ್ತು. ಅವಳಿಗೆ ಅನ್ನಿಸಲಿಲ್ಲ.